ಉಡಿಯಲ್ಲಿ ಹಾಕಿದ ಹುಣಸೆ ಗಿಡ

ದಾಂಡೇಲಿಯಲ್ಲಿ ಕಚೇರಿಗಳ ಎದುರಿಗೆ ಒಂದು ಮೇಜು, ಒಂದು ಕುರ್ಚಿ, ಒಂದು ಹರಕು ಛತ್ರಿ ಇಟ್ಟುಕೊಂಡು ನಾನು ಇಪ್ಪತ್ತಾರು ವರ್ಷದಿಂದ ಜನರ ಅರ್ಜಿ ಬರೆಯುತ್ತಿದ್ದೇನೆ. ರೇಷನ್ ಕಾರ್ಡು, ಪಿಂಚಣಿ, ಜಾತಿ ಪ್ರಮಾಣಪತ್ರ ಯಾವುದನ್ನು ಬೇಕಾದರೂ ಬರೆದುಕೊಡುತ್ತೇನೆ. ಆದರೆ ಮಳೆಗಾಲದ ಬಾಯಿಗೆ ಬರುವ ಮರದ ಅರ್ಜಿಗಳೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನೆರಳು ಬೇಕಾದಾಗ ಮರ ತಮ್ಮದು, ಎಲೆ ಉದುರಿದರೆ ಪಕ್ಕದ ಮನೆಯವರದು, ಕೊಂಬೆ ಮುರಿದು ಬಿದ್ದರೆ ಸರ್ಕಾರದ್ದು. ಅಂಬೇವಾಡಿಯ ಸುಶೀಲವ್ವ ನೋಟಿಸು ಹಿಡಿದುಕೊಂಡು ಬಂದಾಗ ಇವಳೂ ಅಂಥವಳೇ ಎಂದುಕೊಂಡೆ.

ಆಗ ಜೂನ್ ಮೊದಲ ವಾರ. ಸುಶೀಲವ್ವನಿಗೆ ಐವತ್ತೆಂಟು ವಯಸ್ಸು. ಗಂಡ ಸತ್ತ ಮೇಲೆ ತವರಿಗೆ ಬಂದು, ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕುವ ಹೆಂಗಸು. ಅಂಗೈ ಯಾವಾಗಲೂ ಕೆಂಪಗಿರುತ್ತದೆ. ಆಕೆಯ ಹಿತ್ತಲಲ್ಲಿ ಹಳೆಯದೊಂದು ಹುಣಸೆ ಮರವಿತ್ತು. ಅದರ ದೊಡ್ಡ ಕೊಂಬೆ ಪಕ್ಕದ ಆರೀಫನ ಗ್ಯಾರೇಜಿನ ತಗಡಿನ ಮೇಲೆ ಚಾಚಿಕೊಂಡಿತ್ತು. ಹೋದ ವರ್ಷ ಸಣ್ಣದೊಂದು ಕೊಂಬೆ ಬಿದ್ದು ರಿಪೇರಿಗೆ ಬಂದ ಆಟೋದ ಗಾಜು ಪುಡಿಯಾಗಿತ್ತು. ಈ ವರ್ಷ ಬುಡದಲ್ಲಿ ಪೊಟರೆ ಬಿದ್ದಿತ್ತು. ಆರೀಫ ಜಗಳಗಂಟನಲ್ಲ. ಮೂರು ಸಲ ಬಾಯಿಮಾತಿನಲ್ಲಿ ಹೇಳಿ, ಆಮೇಲೆ ಅರಣ್ಯ ಕಚೇರಿಗೆ ದೂರು ಕೊಟ್ಟಿದ್ದ. ಅಪಾಯದ ಮರವನ್ನು ಅನುಮತಿ ಪಡೆದು ತೆಗೆಸುವುದು ಜಾಗದ ಮಾಲೀಕರ ಹೊಣೆ, ತೆಗೆಸದೆ ಹಾನಿಯಾದರೆ ಅದಕ್ಕೂ ಅವರೇ ಹೊಣೆ ಎಂದು ನೋಟಿಸಿನಲ್ಲಿತ್ತು.

"ಶಿವಲಿಂಗಣ್ಣ, ಗಿಡ ನಂದಲ್ಲ ಅಂತ ಬರೀರಿ," ಎಂದಳು ಸುಶೀಲವ್ವ.

"ಮತ್ಯಾರ್ದು?"

"ನನ್ನ ತಂಗೀದು. ಸುವರ್ಣಾದು. ಮುಂಡಗೋಡ ಹತ್ತರ ಸನವಳ್ಳ್ಯಾಗ ಇರ್ತಾಳ. ನೋಟಿಸ ಅಕೀಗೆ ಕಳಸ್ರಿ ಅಂತ ಬರೀರಿ."

"ನೋಡವಾ, ಜಾಗಾ ಯಾರ್ದೋ ಗಿಡಾನೂ ಅವರ್ದ. ಸನವಳ್ಳ್ಯಾಗ ಕುಂತಾಕಿ ಗಿಡ ನಿನ್ನ ಹಿತ್ತಲದಾಗ ಹೆಂಗ ಬಂತು?"

"ಅಪ್ಪ ಅಕೀ ಉಡ್ಯಾಗ ಹಾಕ್ಯಾನ್ರಿ."

ನಾನು ಪೆನ್ನು ಕೆಳಗಿಟ್ಟೆ. ಹೆಣ್ಣುಮಗಳು ತವರಿನಿಂದ ಹೊರಡುವಾಗ ಸೆರಗೊಡ್ಡಿಸಿ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಾರೆ. ಉಡಿಯಲ್ಲಿ ಬಿದ್ದದ್ದನ್ನು ಯಾರೂ ವಾಪಸು ಕೇಳುವುದಿಲ್ಲ. ಇವರದು ತಾಯಿ ಇಲ್ಲದ ಮನೆ. ಧಾರವಾಡ ಕಡೆಯಿಂದ ಕಾಗದದ ಗಿರಣಿಯ ಕೆಲಸಕ್ಕೆ ಬಂದಿದ್ದ ಅಪ್ಪ, ಹೆಂಗಸರು ಮಾಡಬೇಕಾದ ಶಾಸ್ತ್ರವನ್ನು ತಾನೇ ಮಾಡುತ್ತಿದ್ದ. ಹಾಸಿಗೆ ಹಿಡಿದ ವರ್ಷ ಸುವರ್ಣಾ ನೋಡಲು ಬಂದಾಗ, ಮಲಗಿದಲ್ಲಿಂದಲೇ ಅಕ್ಕಿ ಹಾಕಿ, "ಹುಣಸಿ ಗಿಡಾನೂ ನಿನ್ನ ಉಡ್ಯಾಗ ಹಾಕೇನಿ. ಪಂಚಮಿಗೆ ಬಾ, ಜೋಕಾಲಿ ಆಡು, ಹಣ್ಣು ಒಯ್ಯಿ" ಎಂದಿದ್ದನಂತೆ. ಮನೆ ಮಾತ್ರ ತನ್ನ ಹೇಲು ಉಚ್ಚೆ ಬಾಚಿದ ಸುಶೀಲವ್ವನ ಹೆಸರಿಗೆ ಬರೆದಿದ್ದ. ಅವನು ಸತ್ತ ಹದಿಮೂರನೆಯ ದಿನ ಕಾಗದ ಬಿಚ್ಚಿದಾಗ ಸುವರ್ಣಾ ನಕ್ಕಳು.

"ಅಕ್ಕಗ ಮನಿ, ನನಗ ಹುಳಿ," ಎಂದಳು.

"ಹುಳಿ ಆದ್ರೂ ಹೊತಗೊಂಡು ಹೋಗು, ಮತ್ತ ಈ ಕಡೆ ಬರಬ್ಯಾಡ ಅಂದ್ನಿರಿ," ಎಂದು ಸುಶೀಲವ್ವ ನನ್ನ ಮೇಜಿನ ಅಂಚು ನೋಡುತ್ತ ಹೇಳಿದಳು. "ನಾನ ಅಂದೆ. ಅಕೀ ಅನ್ನಲಿಲ್ಲ. ಹನ್ನೊಂದ ವರ್ಷಾತು."

ಹನ್ನೊಂದು ವರ್ಷ ಸುವರ್ಣಾ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಆದರೂ ಪ್ರತಿ ಬೇಸಿಗೆ ಸುಶೀಲವ್ವ ಹುಣಸೆಹಣ್ಣು ಉದುರಿಸಿ, ಬೀಜ ತೆಗೆದು, ಉಪ್ಪು ಹಚ್ಚಿ ಉಂಡೆ ಕಟ್ಟಿ, ಸ್ಟೀಲ್ ಡಬ್ಬಿ ತುಂಬಿ ಮುಂಡಗೋಡದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದಳು. ಡಬ್ಬಿ ವಾರದೊಳಗೆ ತಿರುಗಿ ಬರುತ್ತಿತ್ತು. ತೊಳೆದು ಒರೆಸಿ ಲಕಲಕ ಹೊಳೆಯುವ ಖಾಲಿ ಡಬ್ಬಿ. ನಮ್ಮ ಕಡೆ ವೈರಿಯ ಮನೆಯ ಪಾತ್ರೆಯನ್ನೂ ಖಾಲಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. ಪ್ರತಿ ನಾಗರಪಂಚಮಿಗೂ ಸುಶೀಲವ್ವ ಆ ದೊಡ್ಡ ಕೊಂಬೆಗೆ ಜೋಕಾಲಿ ಕಟ್ಟಿಸಿ, ಸಂಜೆ ತಾನೇ ಬಿಚ್ಚಿಡುತ್ತಿದ್ದಳು. ಓಣಿಯ ಹುಡುಗಿಯರು ಆಡುತ್ತಿದ್ದರು. ಆಕೆ ಒಮ್ಮೆಯೂ ಕೂರಲಿಲ್ಲ.

"ನಾ ಕರದ್ರ ಅಕೀ ಬರೂದಿಲ್ಲ. ಸರ್ಕಾರ ಕರದ್ರ ಬರಬೇಕಲ್ರಿ?" ಎಂದಳು.

ಇದಕ್ಕೆ ಏನು ಹೇಳುತ್ತೀರಿ? ನೋಟಿಸು ಬಂದರೆ ಜನ ಮನೆ ಬಿಟ್ಟು ಓಡುತ್ತಾರೆ. ಇವಳು ನೋಟಿಸಿನಲ್ಲಿ ತಂಗಿಯನ್ನು ಹಬ್ಬಕ್ಕೆ ಕರೆಯುತ್ತಿದ್ದಾಳೆ. ನನಗೆ ನಗು ಬಂತು, ಆದರೂ ಪೆನ್ನು ಎತ್ತಿಕೊಂಡೆ. "ನಮ್ಮ ಹಿತ್ತಲಿನ ಹುಣಸೆ ಗಿಡವು ನನ್ನ ತಂಗಿ ಸುವರ್ಣಾ ಇವಳಿಗೆ ಸೇರಿದ್ದು, ಕಾರಣ ಅವಳನ್ನು ಕರೆಸಿ ವಿಚಾರಿಸಬೇಕಾಗಿ ವಿನಂತಿ" ಎಂದು ಬರೆದುಕೊಟ್ಟೆ.

ಅಲ್ಲಿಯೇ ಎಡವಿದೆ. ನಮಗೆ ಮುಗಿಲು ಮುಟ್ಟಿದರೂ ಅದು ಗಿಡವೇ. ಕಚೇರಿಗೆ ಆಗಷ್ಟೇ ಬಂದಿದ್ದ ಸಾಹೇಬರು ಮೈಸೂರು ಕಡೆಯವರು. ಅವರ ಪಾಲಿಗೆ ಗಿಡವೆಂದರೆ ಮೊಣಕಾಲೆತ್ತರದ ತುಳಸಿ, ದಾಸವಾಳ. ಹತ್ತು ದಿನಕ್ಕೆ ಉತ್ತರ ಬಂತು. ಗಿಡ ತೆಗೆಯಲು ಯಾವ ಅನುಮತಿಯೂ ಬೇಕಿಲ್ಲ, ಅರ್ಜಿದಾರರೇ ಕಿತ್ತುಹಾಕಬಹುದು ಎಂದಿತ್ತು.

"ಕಿತ್ತೊಗೀಬೇಕಂತ!" ಸುಶೀಲವ್ವ ಕಾಗದವನ್ನು ನನ್ನ ಮುಖಕ್ಕೆ ಹಿಡಿದಳು. "ಮೂರು ಮಂದಿ ತಬ್ಬಿದ್ರೂ ತೆಕ್ಕಿಗೆ ಸಿಗೂದಿಲ್ಲ. ನೀವ ಬಂದು ಕಿತ್ತು ತೋರಸ್ರಿ ಶಿವಲಿಂಗಣ್ಣ."

ಇಪ್ಪತ್ತಾರು ವರ್ಷದ ಅನುಭವಕ್ಕೆ ಬೆಂಕಿ ಬಿತ್ತು. ಅಂಥ ಕಾಗದ ನಂಬಿ ಮರ ಕಡಿಸಿದ್ದರೆ ಆಕೆಯೇ ಕಟಕಟೆ ಹತ್ತಬೇಕಾಗುತ್ತಿತ್ತು. ಎರಡನೆಯ ಅರ್ಜಿಯಲ್ಲಿ ಗಿಡ ಇದ್ದಲ್ಲೆಲ್ಲ ಮರ ಎಂದು ಬರೆದು ನಾನೇ ಒಯ್ದು ಕೊಟ್ಟೆ. ಸಾಹೇಬರು ಸಂಕೋಚಪಟ್ಟು, ತಾವೇ ನೋಡಲು ಬರುವುದಾಗಿ ಹೇಳಿದರು. ಜುಲೈ ಮೊದಲ ವಾರ ಅವರನ್ನು ಕರೆದುಕೊಂಡು ಹೋದೆ.

"ಅಮ್ಮಾ, ಮರ ಎಲ್ಲಿದೆ? ತೋರಿಸಿ," ಎಂದರು.

ಸುಶೀಲವ್ವ ಗಡಿಬಿಡಿಯಿಂದ ಒಳಗೆ ಹೋಗಿ, ಜೋಳ ಹಸನು ಮಾಡುವ ಬಿದಿರಿನ ಮರ ತಂದು ಅವರ ಮುಂದೆ ಹಿಡಿದಳು. ನಮ್ಮಲ್ಲಿ ಕೇರುವ ಮೊರಕ್ಕೂ ಮರ ಅನ್ನುತ್ತೇವೆಂದು ಸಾಹೇಬರಿಗೇನು ಗೊತ್ತು? ಅವರು ಅದನ್ನೂ ಆಕೆಯನ್ನೂ ನೋಡಿದರು. ಆರೀಫ ತನ್ನ ಗ್ಯಾರೇಜಿನಿಂದಲೇ ಬಿದ್ದು ಬಿದ್ದು ನಕ್ಕ.

ಹಿತ್ತಲಿಗೆ ಹೋದ ಮೇಲೆ ಯಾರೂ ನಗಲಿಲ್ಲ. ಸಾಹೇಬರು ಬುಡಕ್ಕೆ ಕಲ್ಲಿನಿಂದ ತಟ್ಟಿದರು, ಒಳಗೆ ಬರೀ ಟೊಳ್ಳು. ಇದನ್ನು ಇಡುವ ಹಾಗಿಲ್ಲ, ಜಾಗ ನಿಮ್ಮದಾದ್ದರಿಂದ ಮರವೂ ನಿಮ್ಮದೇ, ಒಂದು ಸಹಿ ಮಾಡಿದರೆ ಎರಡು ದಿನದಲ್ಲಿ ಆದೇಶ ಕೊಡುತ್ತೇನೆ ಎಂದರು. ಸುಶೀಲವ್ವ ಸಹಿ ಮಾಡಲಿಲ್ಲ. ಉಡಿಯ ಕತೆ ಕೇಳಿ ಸಾಹೇಬರು ಕಾಗದ ಮಡಚಿಟ್ಟು, "ಸರಿ, ತಂಗಿಯ ಒಪ್ಪಿಗೆ ತರಿಸಿಕೊಳ್ಳಿ. ಬೇಗ ತರಿಸಿ" ಎಂದು ಹೇಳಿ ಹೋದರು.

ಒಪ್ಪಿಗೆ ಪತ್ರ ಬರೆದುಕೊಟ್ಟೆ. ಆಕೆ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹುಣಸೆ ಉಂಡೆಗಳ ಮೇಲಿಟ್ಟು ಕಂಡಕ್ಟರನಿಗೆ ಕೊಟ್ಟಳು. ಆರನೆಯ ದಿನ ಡಬ್ಬಿ ತಿರುಗಿ ಬಂತು. ಆಕೆ ಅದನ್ನು ಮನೆಯಲ್ಲಿ ತೆಗೆಯದೆ ನನ್ನ ಮೇಜಿಗೆ ತಂದಳು, ಒಬ್ಬಳೇ ತೆಗೆಯಲು ಧೈರ್ಯವಿರಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಕಾಗದವಿತ್ತು. ಕಾಗದದ ಕೆಳಗೆ, ಡಬ್ಬಿಯ ತಳದಲ್ಲಿ, ಚಿಟಿಕೆ ಸಕ್ಕರೆ.

ಆಕೆ ಕಾಗದ ಮುಟ್ಟಲಿಲ್ಲ. ಬೆರಳು ಅದ್ದಿ ಸಕ್ಕರೆ ನಾಲಿಗೆಗೆ ಹಚ್ಚಿಕೊಂಡು ರಸ್ತೆಯ ಮೇಲೆಯೇ ಅಳತೊಡಗಿದಳು. ಓದಿ ಹೇಳಿದವನು ನಾನೇ. ಸಹಿ ಮಾಡಬೇಕಾದ ಜಾಗ ಖಾಲಿ ಇತ್ತು, ಅದರ ಪಕ್ಕ ಪೆನ್ಸಿಲ್ಲಿನಲ್ಲಿ ಮೂರು ಸಾಲು: "ಪಂಚಮಿಗೆ ಬರ್ತೇನಿ. ಅಲ್ಲೀತನಕ ಗಿಡ ಇರಲಿ. ಜೋಕಾಲಿ ಆಡಿ ಸಹಿ ಮಾಡ್ತೇನಿ."

ಪಂಚಮಿಗೆ ಇನ್ನೂ ಹದಿನೆಂಟು ದಿನ. ಆಕೆ ಆರೀಫನನ್ನು ಕೇಳಿದರೆ, "ಇಷ್ಟು ವರ್ಷ ತಡದೇನಿ, ಹದಿನೆಂಟು ದಿನಕ್ಕೇನ್ರಿ ಅಕ್ಕಾರ" ಎಂದ. ಸಾಹೇಬರಿಗೆ ನಾನು ಹೇಳಿಕೊಳ್ಳುತ್ತೇನೆ ಎಂದೆ. ಸುಶೀಲವ್ವನನ್ನು ಯಾರೂ ಅವಸರಪಡಿಸಲಿಲ್ಲ. ಆಕೆ ಹೊಸ ನಾರಿನ ಹಗ್ಗ ಕೊಂಡಳು, ಉಂಡಿಗೆ ಶೇಂಗಾ ಹುರಿದಿಟ್ಟಳು, ತಂಗಿ ಕೂರುವ ಮಣೆಯನ್ನು ಎರಡು ಸಲ ತೊಳೆದಳು.

ನಾಲ್ಕನೆಯ ದಿನಕ್ಕೆ ಗಾಳಿಮಳೆ ಹಿಡಿಯಿತು. ಮಾರನೆಯ ಬೆಳಗ್ಗೆ ನಾನು ಛತ್ರಿ ಬಿಚ್ಚುವ ಮುಂಚೆಯೇ ಸುಶೀಲವ್ವ ತೊಯ್ದು ತೊಪ್ಪೆಯಾಗಿ ನಿಂತಿದ್ದಳು.

"ಬರೀರಿ. ಗಿಡ ನಂದು."

"ಏನಾತವಾ?"

"ಏನೂ ಆಗಿಲ್ಲ. ನಿನ್ನೆ ಗಾಳ್ಯಾಗ ಗಿಡ ಕಿರ್ ಅಂತು. ಓಡಿ ಹೋಗಿ ನೋಡಿದ್ರ, ಸರಿಯಾಗಿ ಆ ದೊಡ್ಡ ಕೊಂಬಿ ಕೆಳಗ ಆರೀಫ ಆಟೋದ ಕೆಳಗ ಮಲಗಿ ಕೆಲಸ ಮಾಡಾಕತ್ತಾನ. ಕಾಲಷ್ಟ ಕಾಣತಾವು. ಒದರಿದ್ನಿ. ನಕ್ಕೋತ ಹೊರಗ ಬಂದ." ಆಕೆ ಮುಖದ ನೀರು ಒರೆಸಿಕೊಂಡಳು. "ಅದು ಬಿದ್ದು ಅವಗ ಏನರ ಆದ್ರ, ಅದೂ ನನ್ನ ತಂಗಿ ಉಡ್ಯಾಗ ಬೀಳತೈತಿ ಶಿವಲಿಂಗಣ್ಣ. ಅಕ್ಕಿ ಹಾಕಿದ ಉಡಿ ಅದು. ಗಿಡ ನಂದು, ತಪ್ಪೂ ನಂದ ಅಂತ ಬರೀರಿ."

ನಾನು ಬರೆಯಲು ಹಿಂದೆಮುಂದೆ ನೋಡಿದೆ. ಹದಿಮೂರೇ ದಿನ ಅಲ್ಲವೇ, ಆರೀಫನೇ ಆ ಜಾಗ ಬಿಟ್ಟು ಕೆಲಸ ಮಾಡಿದರಾಯಿತು ಎಂದೆ. ಆಕೆ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಹೀಗೆ ಹೇಳಿ ಅರ್ಜಿ ಬರೆಸಿದವರು ಈ ಇಪ್ಪತ್ತಾರು ವರ್ಷದಲ್ಲಿ ಅವಳೊಬ್ಬಳೇ.

ಆದೇಶ ಬಂದ ಮಾರನೆಯ ದಿನ ಮರ ಕಡಿಯುವ ಮನ್ಸೂರ ಹಗ್ಗ, ಗರಗಸ ತಂದ. ಮನೆಗಳ ನಡುವಿನ ಮರ ಇಳಿಸುವುದರಲ್ಲಿ ಅವನಷ್ಟು ನುರಿತವರು ನಮ್ಮ ಕಡೆ ಕಡಿಮೆ. ತುದಿಯಿಂದ ತುಂಡು ತುಂಡಾಗಿ ಕೊಯ್ದು, ಹಗ್ಗದಲ್ಲಿ ಕೆಳಗಿಳಿಸುತ್ತಾನೆ. ಜೋಕಾಲಿಯ ಕೊಂಬೆ ಇಳಿದಾಗ ಅದರ ಮೇಲೆ ಹಗ್ಗ ತಿಕ್ಕಿ ತಿಕ್ಕಿ ಬಿದ್ದ ಎರಡು ಕಚ್ಚುಗಳು ಕಂಡವು. ಸುಶೀಲವ್ವ ಎರಡರಲ್ಲೂ ಬೆರಳಾಡಿಸಿದಳು.

"ಈಗ ಅಕೀ ಯಾವುದಕ್ಕಂತ ಬರ್ತಾಳ್ರಿ?" ಎಂದು ನನ್ನನ್ನು ಕೇಳಿದಳು. ತಂಗಿಗೆ ತಿಳಿಸುವುದೋ ಬೇಡವೋ ಎಂದು ಅಂದು ಸಂಜೆಯವರೆಗೂ ಒದ್ದಾಡಿದಳು. ತಿಳಿಸಿದರೆ ಬರುವುದಿಲ್ಲ, ತಿಳಿಸದೆ ಕರೆಸಿಕೊಂಡರೆ ಮೋಸ. ಕೊನೆಗೆ ಡಬ್ಬಿಯಲ್ಲಿ ಒಂದು ಚೀಟಿ ಇಟ್ಟು ಕಳಿಸಿದಳು. ನನ್ನಿಂದ ಬರೆಸಲಿಲ್ಲ, ತನ್ನ ಸೊಟ್ಟ ಅಕ್ಷರದಲ್ಲಿ ತಾನೇ ಬರೆದಳು: "ಗಿಡ ಕಡಿಸೇನಿ. ಬೈಯಾಕರ ಬಾ."

ಈ ಸಲ ಡಬ್ಬಿ ತಿರುಗಿ ಬರಲಿಲ್ಲ. ಒಂದು ವಾರ ಕಳೆಯಿತು. ಖಾಲಿ ಡಬ್ಬಿಯಾದರೂ ಬರಲಿ ಎಂದು ಆಕೆ ದಿನಾ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನ ಮುಖ ನೋಡಿ ಬರುತ್ತಿದ್ದಳು. ನನಗೂ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮುಂಡಗೋಡದ ಬಸ್ಸು ಬರುವ ಹೊತ್ತಿಗೆ ನನ್ನ ಕಣ್ಣೂ ರಸ್ತೆಯ ಕಡೆ ಹೋಗುತ್ತಿತ್ತು.

ಪಂಚಮಿಯ ದಿನ ಆರೀಫ ನನ್ನನ್ನು ಕರೆದ. ಹೋಗಿ ನೋಡಿದರೆ ಗ್ಯಾರೇಜು ಗುಡಿಸಿ, ಎಣ್ಣೆ ಕಲೆಗೆ ಮಣ್ಣು ಹಾಕಿ, ಇಂಜಿನ್ ಎತ್ತುವ ಕಬ್ಬಿಣದ ಗರ್ಡರಿಗೆ ಸುಶೀಲವ್ವನ ಹೊಸ ಹಗ್ಗ ಕಟ್ಟಿದ್ದ. "ಲಾರಿ ಇಂಜಿನ್ನ ತಡೀತೈತಿ, ನಿಮ್ಮ ತಂಗೀನ್ನ ತಡಿಯೂದಿಲ್ಲೇನ್ರಿ ಅಕ್ಕಾರ?" ಎಂದ. ಸುಶೀಲವ್ವ ನಗಲು ನೋಡಿದಳು. ಮಧ್ಯಾಹ್ನದ ಬಸ್ಸು ಬಂದು ಹೋಯಿತು. ಓಣಿಯ ಹುಡುಗಿಯರು ಬಂದು ಜೋಕಾಲಿ ಆಡಿ, ಉಂಡಿ ತಿಂದು ಹೋದರು. ನಾಲ್ಕು ಗಂಟೆಗೆ ಆಕೆ ಹಗ್ಗ ಬಿಚ್ಚಲು ಎದ್ದಳು.

ಆಗ ಡಬ್ಬಿ ಹಿಡಿದ ಹೆಂಗಸೊಬ್ಬಳು ಗೇಟಿನಲ್ಲಿ ನಿಂತಿದ್ದಳು. ಕೂದಲು ಅರ್ಧ ನರೆತಿತ್ತು. ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ, ಮೂಗು ಸುಶೀಲವ್ವನದೇ.

ಸುವರ್ಣಾ ನೇರ ಹಿತ್ತಲಿಗೆ ಹೋಗಿ ಬೊಡ್ಡೆ ನೋಡಿದಳು. ಆಮೇಲೆ ತಲೆಯೆತ್ತಿ, ಮೊದಲು ಕೊಂಬೆ ಇದ್ದ ಕಡೆ ಬಹಳ ಹೊತ್ತು ನೋಡಿದಳು. ಸುಶೀಲವ್ವ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತಿದ್ದಳು. ಬೈಗುಳ ಬರಲಿಲ್ಲ. ಸುವರ್ಣಾ ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟಳು, ಅದು ಭಾರವಾಗಿತ್ತು. ಗ್ಯಾರೇಜಿಗೆ ಬಂದು ಗರ್ಡರು ನೋಡಿದಳು, ಆರೀಫನನ್ನು ನೋಡಿದಳು, ಸೀರೆ ಸರಿಮಾಡಿಕೊಂಡು ಮಣೆಯ ಮೇಲೆ ಕುಳಿತಳು.

"ಅಕ್ಕಾ, ನೂಕ," ಎಂದಳು.

ಸುಶೀಲವ್ವ ಡಬ್ಬಿಯನ್ನು ನನ್ನ ಕೈಗೆ ತುರುಕಿ, ಹಿಂದೆ ಹೋಗಿ ಎರಡೂ ಹಗ್ಗ ಹಿಡಿದಳು. ಹಿಡಿದವಳು ನೂಕಲಿಲ್ಲ. ತಂಗಿಯ ಬೆನ್ನಿಗೆ ಎದೆ ಆನಿಸಿ ಹಾಗೆಯೇ ನಿಂತಳು.

"ಬಿಡ ಅಕ್ಕಾ. ನೀ ಹಿಂಗ ಹಿಡಕೊಂಡ್ರ ನಾ ಹೆಂಗ ಜೀಕಲಿ?"

"ಬಿಡ್ತೇನಿ, ತಡೀ," ಎಂದಳು ಸುಶೀಲವ್ವ. ಬಿಡಲಿಲ್ಲ.