ಗಂಟು ಹಾಕಿದ ಕ್ಯಾಸೆಟ್ಟು

ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ಗೌರಿಬಿದನೂರಿನಲ್ಲಿ ಕೆಲಸದಲ್ಲಿದ್ದ ನಾನು ಶಿಡ್ಲಘಟ್ಟದ ನಮ್ಮ ಮನೆಗೊಂದು ವಿ.ಸಿ.ಡಿ. ಪ್ಲೇಯರ್ ತಂದೆ. ತಂದವಳು ಸುಮ್ಮನಿರಬೇಕಲ್ಲ? ಅಮ್ಮನ ಮುಂದೆ ಭಾಷಣ ಬಿಗಿದೆ. ವಿಡಿಯೋ ಕ್ಯಾಸೆಟ್ಟಾದರೆ ಹಿಂದಕ್ಕೆ ಸುತ್ತುತ್ತಾ ಕಾಯಬೇಕು, ಸಿ.ಡಿ.ಯಲ್ಲಿ ಬೇಕಾದ ಜಾಗಕ್ಕೆ ಹಾರಬಹುದು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತೆ, ಡೆಕ್ಕಿನ ಹೆಡ್ಡಿಗೆ ಕೊಳೆ ಕೂತರೆ ಟೀವಿಯ ತುಂಬ ಮಳೆ, ಸಿ.ಡಿ.ಗೆ ಅಂಥ ಕಾಯಿಲೆಯೇ ಇಲ್ಲ. ಗೀರು ಬಿದ್ದರೆ ಚಿತ್ರ ಚೌಕಚೌಕವಾಗಿ ನಿಂತುಬಿಡುತ್ತದೆ, ಮೂರು ಗಂಟೆಯ ಕ್ಯಾಸೆಟ್ಟು ಒಂದು ಸಿ.ಡಿ.ಯಲ್ಲಿ ಹಿಡಿಸುವುದಿಲ್ಲ ಎಂಬ ಎರಡು ಮಾತನ್ನು ಮಾತ್ರ ನಾಜೂಕಾಗಿ ನುಂಗಿಕೊಂಡೆ.

ಅಮ್ಮ ಮೂವತ್ತು ವರ್ಷ ಫಿಲೇಚರ್ ಕಾರ್ಖಾನೆಯಲ್ಲಿ, ಕಿತ್ತ ಎಳೆಗೆ ಗಂಟು ಹಾಕುತ್ತಾ ರೇಷ್ಮೆ ನೂಲು ತೆಗೆದವಳು. ಸಿ.ಡಿ.ಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದಳು.

"ಇದ್ರಲ್ಲಿ ಎಳೆ ಎಲ್ಲೈತಮ್ಮ? ಕಿತ್ತೋದ್ರೆ ಯಾವುದನ್ನ ಹಿಡಿದು ಗಂಟಾಕೋದು?"

"ಇದು ಕಿತ್ತೋಗೋದೇ ಇಲ್ಲ ಕಣಮ್ಮ," ಅಂದೆ.

ಮನೆಯಲ್ಲಿದ್ದದ್ದು ಒಂದೇ ಒಂದು ಕ್ಯಾಸೆಟ್ಟು, ಎಂಬತ್ತರ ದಶಕದ ಕೊನೆಯಲ್ಲಿ ಚಿಂತಾಮಣಿಯಲ್ಲಿ ನಡೆದ ಅಕ್ಕನ ಮದುವೆಯದು. ನಾಲ್ಕು ಜನರೆದುರು ಅಮ್ಮನ ಹತ್ತಿರ ಮೆತ್ತಗೆ ಮಾತಾಡಿದವರೇ ಅಲ್ಲ ನಮ್ಮಪ್ಪ. ಆದರೆ ಆ ಕ್ಯಾಸೆಟ್ಟಿನಲ್ಲಿ, ಊಟದ ಮನೆಯಲ್ಲಿ ಹೋಳಿಗೆ ಬಡಿಸುತ್ತಾ ಹೋಗುವಾಗ ಅಮ್ಮನತ್ತ ತಿರುಗಿ, "ಏಯ್, ಬೆಳಗಿಂದ ಬರೀ ಹೊಟ್ಟೇಲಿದ್ದೀಯ. ನೀನೂ ಬಾ, ಕೂತ್ಕೊ," ಅನ್ನುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಅವರ ದನಿ ಅಂತ ಉಳಿದದ್ದು ಅಷ್ಟೇ. ಅಮ್ಮ ಆ ಜಾಗವನ್ನೇ ಸುತ್ತಿ ಸುತ್ತಿ ನೋಡುತ್ತಿದ್ದಳು. ಟೇಪು ಸವೆದೀತೆಂದು ನನಗೆ ಹೆದರಿಕೆ.

ಅದಕ್ಕೇ ಕ್ಯಾಸೆಟ್ಟನ್ನು ಚಿಕ್ಕಬಳ್ಳಾಪುರದ ಸ್ಟುಡಿಯೋ ಒಂದಕ್ಕೆ ಕೊಟ್ಟು ಸಿ.ಡಿ. ಮಾಡಿಸಿದೆ. ಬಂತಪ್ಪ ಸಿ.ಡಿ., ಫಳಫಳ ಅಂತ! ಧಾರೆಯ ದೃಶ್ಯದ ಮೇಲೆ ಸ್ಟುಡಿಯೋದವರು ಸೇರಿಸಿದ ಗುಲಾಬಿಗಳು ಉದುರುತ್ತವೆ, ಮೊದಲಿಂದ ಕೊನೆಯವರೆಗೆ ಸಿನಿಮಾ ಹಾಡು. ಊಟದ ಮನೆ ಮಾತ್ರ ಇಲ್ಲವೇ ಇಲ್ಲ.

"ಊಟ ಮಾಡೋದನ್ನ ಯಾರು ನೋಡ್ತಾರೆ ಮೇಡಂ? ಜಾಗಾನೂ ಸಾಲ್ಲಿಲ್ಲ," ಅಂದ ಸ್ಟುಡಿಯೋದವನು.

ಅವನ ಮೇಲೆ ರೇಗಾಡಿ ಬಂದೆ. ತಪ್ಪು ನನ್ನದೇ. ಹಿಡಿಸುವುದಿಲ್ಲ ಅಂತ ಗೊತ್ತಿದ್ದೂ, ಯಾವುದು ಬೇಕು ಅಂತ ಅವನಿಗೆ ಹೇಳಿರಲಿಲ್ಲ.

ಪುಣ್ಯಕ್ಕೆ ಕ್ಯಾಸೆಟ್ಟು ವಾಪಸ್ಸು ಬಂದಿತ್ತು. ಹಳೇ ಡೆಕ್ಕಿಗೆ ಹಾಕಿದೆವು. ಸರಿಯಾಗಿ ಊಟದ ಮನೆ ಬರುವಾಗ ಟೇಪು ಕಿತ್ತುಹೋಯಿತು. ರಿಪೇರಿಯವರನ್ನು ಹುಡುಕಿಕೊಂಡು ಅರ್ಧ ಊರು ಸುತ್ತಿ, ಯಾರೂ ಸಿಗದೆ ನಾನು ಮನೆಗೆ ಬಂದರೆ, ಅಮ್ಮ ಎರಡು ತುದಿಗಳನ್ನೂ ಎಳೆದು ಗಂಟು ಹಾಕಿ, ಉಳಿದ ಕೊನೆಯನ್ನು ಹಲ್ಲಲ್ಲಿ ಕಚ್ಚಿ ತೆಗೆದಿದ್ದಳು.

"ಗಂಟು ಕಾಣಿಸ್ತದಾ ನೋಡು!" ಅಂತ ಜಂಬ ಬೇರೆ.

ನಿಜವಾಗಿಯೂ ಹುಡುಕಬೇಕಿತ್ತು, ಅಷ್ಟು ಸಣ್ಣದು. ಫಿಲೇಚರಿನ ಮೇಸ್ತ್ರಿಯಾಗಿದ್ದರೆ ಶಭಾಷ್ ಅನ್ನುತ್ತಿದ್ದ. ಡೆಕ್ಕು ಅನ್ನಲಿಲ್ಲ. ಗಂಟು ಒಳಗೆ ಹೋದದ್ದೇ ತಡ, ಕರಕರ ಅಂತ ಟೇಪನ್ನು ಜಗಿದು ಹಾಕಿತು. ನಾನು ಕತ್ತರಿ ತಗೊಂಡು ಗಂಟನ್ನೂ ಅದರ ಪಕ್ಕ ಸುಕ್ಕಾದದ್ದನ್ನೂ ಕತ್ತರಿಸಿ, ಹಿಂದಿನಿಂದ ಸೆಲ್ಲೋಟೇಪು ಅಂಟಿಸಿದೆ.

"ಎಷ್ಟು ಹೋಯ್ತು?"

"ಬೆರಳುದ್ದ ಅಷ್ಟೇ ಕಣಮ್ಮ."

ಮತ್ತೆ ಹಾಕಿದೆವು. ಹೋಳಿಗೆ ತಟ್ಟೆ ಹಿಡಿದ ಅಪ್ಪ ತಿರುಗಿದರು. "ಏಯ್, ಬೆಳಗಿಂದ ಬರೀ ಹೊಟ್ಟೇಲಿದ್ದೀಯ..." ಅಷ್ಟರಲ್ಲಿ ಟೀವಿಯ ತುಂಬ ಗೆರೆಗಳು. ಗೆರೆ ಸರಿದಾಗ ಅಪ್ಪ ಮುಂದಿನ ಎಲೆಗೆ ಬಡಿಸುತ್ತಿದ್ದರು. ಉಳಿದ ಮಾತು ನನ್ನ ಕತ್ತರಿಗೆ ಹೋಗಿತ್ತು. ನನಗೆ ಅಳು ಬಂದುಬಿಟ್ಟಿತು.

ಅಮ್ಮ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ನೀನೂ ಬಾ, ಕೂತ್ಕೊ," ಅಂತ ತಾನೇ ಹೇಳಿಕೊಂಡಳು. ಹೇಳಿ, ಅಷ್ಟು ಹೊತ್ತೂ ನಿಂತೇ ಇದ್ದವಳು ಕೂತುಕೊಂಡಳು.