ಅವ್ವ ಮೂಸಿ ಆರಿಸಿದ ಎಂಜಿನ್

ನಮ್ಮ ಹಳೇ ಅಂಬಾಸಡರ್‌ಗೆ ಯಾವ ಎಂಜಿನ್ ಕೂರಿಸೋದು ಅನ್ನೋ ಜಗಳ ಇವತ್ತು ಮುಗೀತು ಗೆಳೆಯರೇ. ವಾರವೆಲ್ಲ ಆ ಕಾರು ಅವ್ವ ನೇಯ್ದ ರೇಷ್ಮೆ ಸೀರೆಗಳನ್ನ ಮೊಳಕಾಲ್ಮೂರಿಂದ ಚಳ್ಳಕೆರೆ ಅಂಗಡಿಗೆ ಹೊರುತ್ತೆ. ಭಾನುವಾರ ಮಾತ್ರ ನನ್ನದು. ಇನ್ನೂ ಒಂದು ಮನೆಯೂ ಏಳದ ಲೇಔಟಿನ ನೇರ ರಸ್ತೇಲಿ ನಮ್ಮ ಗೆಳೆಯರ ರೇಸು.

ಅದಕ್ಕೇ ನನಗೆ ಪೆಟ್ರೋಲ್ ಎಂಜಿನ್ ಬೇಕಿತ್ತು. ಮೆಕ್ಯಾನಿಕ್ ಬಾಷಾ ಸಾಬ್ರು ಎರಡು ತಿಂಗಳಿಂದ ಒಪ್ಪಿರಲಿಲ್ಲ. "ಡೀಸೆಲ್ ಹಾಕ್ಸಲೇ. ಮೈಲೇಜ್ ಐತೆ. ರೇಸಿಂದ ಹೊಟ್ಟೆ ತುಂಬ್ತೈತಾ?" ಅಪ್ಪನೂ ಅವರ ಕಡೆ.

ಇವತ್ತು ಅವ್ವ ನನ್ನ ಜೊತೆ ಗ್ಯಾರೇಜಿಗೆ ಬಂದ್ಲು. ಸಾಬ್ರು ಡೀಸೆಲ್ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿದ್ರು. ಅವ್ವ ಚೀಲದಿಂದ ಒಂದು ರೇಷ್ಮೆ ನೂಲಿನ ಲಡಿ ತೆಗೆದು, ಎಂಜಿನ್ ಪಕ್ಕ ಹಿಡ್ಕೊಂಡು ಐದು ನಿಮಿಷ ನಿಂತ್ಲು. ಆಮೇಲೆ ಅದನ್ನ ಮೂಸಿ, ಸಾಬ್ರ ಮೂಗಿಗೂ ಹಿಡಿದ್ಲು.

"ವದ್ದು," ಅವ್ವನ ಬಾಯಿಗೆ ತೆಲುಗೇ ಬಂತು, "ಇದು ಬ್ಯಾಡ. ಮದುವೆ ಹೆಣ್ಣು ಈ ವಾಸನೆ ಉಟ್ಕೊಂಡು ಹಸೆಮಣೆ ಏರ್ಬೇಕಾ ಸಾಬ್ರೆ?"

ಸಾಬ್ರು ಎಂಜಿನ್ ಆಫ್ ಮಾಡಿದ್ರು. ಪೆಟ್ರೋಲ್ ಎಂಜಿನ್ ನಾಳೆ ಬರ್ತೈತೆ.

ವಾಪಸ್ ಬರ್ತಾ ಬಸ್ಸಲ್ಲಿ ಅವ್ವ ಮೆಲ್ಲಗೆ ಕೇಳಿದ್ಲು, "ಭಾನುವಾರ ಮುಂದಿನ ಸೀಟು ಖಾಲಿ ಇರ್ತೈತೇನೋ?"

ರೇಸಿಗೆ ಹೋಗೋ ಕಾರಲ್ಲಿ ತೂಕ ಕಮ್ಮಿ ಇರ್ಬೇಕು. ಆದ್ರೂ ಇರ್ತೈತೆ ಅಂದೆ.