ಬಸಪ್ಪನ ಡ್ರಮ್ಮಿಗೆ ಕೈ ಮುಗಿದೆ

ಗೆಳೆಯರೇ, ಈಗಷ್ಟೇ ಟಾಂಗಾ ಇಳಿದು ಮನೆಗೆ ಬಂದೆ. ಹೊಟ್ಟೆ ಇನ್ನೂ ಉರಿಯುತ್ತಿದೆ. ನಮ್ಮ ಬ್ಯಾಂಡಿನ ಬಸಪ್ಪ ಹೊಸ ಸೈಡ್ ಡ್ರಮ್ ಮಾಡಿಸಿದ್ದಾನೆ. ಆಯುಧಪೂಜೆಗೆಂದು ಅವನ ಮನೆಗೆ ಹೋದಾಗ ನೋಡಿದೆ. ಕೈಯಿಂದಲೇ ಬಡಿದ ಹಿತ್ತಾಳೆಯ ಮೈ, ಸುತ್ತಲೂ ಬಳ್ಳಿಯ ಕೆತ್ತನೆ, ಎಲ್ಲಿಯೂ ಬೆಸುಗೆ ಕಾಣುವುದಿಲ್ಲ. ನಾನು ಆಸೆಪಟ್ಟು ಕೂಡಿಸಿ ಗೋಡೆಗೆ ತೂಗುಹಾಕಿದ ನಾಲ್ಕು ಡ್ರಮ್ಮುಗಳೂ ಅದರ ಮುಂದೆ ಬರೀ ಡಬ್ಬಿಗಳು.

"ಒಮ್ಮಿ ಬಾರಿಸಿ ನೋಡ್ಲೇನೋ?" ಎಂದೆ.

"ಇವತ್ತ ಖಂಡೇ ಪೂಜಾ ಐತ್ರಿ ಅಣ್ಣಾರ. ಪೂಜಾಕ್ಕ ಇಟ್ಟದ್ದು ಬಾರಸಂಗಿಲ್ರಿ. ಕೈ ಮುಗೀರಿ, ಸಾಕು," ಎಂದು ನಕ್ಕ.

ಅವನ ಹೆಂಡತಿ ಊದಿನಕಡ್ಡಿಯನ್ನೂ ಕೈಗಿತ್ತಳು. ಕಣ್ಣು ಮುಚ್ಚಿ ಭಕ್ತಿಯಿಂದಲೇ ಬೇಡಿಕೊಂಡೆ: ನಾಳೆ ದಸರೆಯ ಮೆರವಣಿಗೆಯಲ್ಲಿ ಜೋರು ಮಳೆ ಬರಲಿ. ಚರ್ಮ ನೆನೆದರೆ ಎಂಥ ಡ್ರಮ್ಮೂ ಬಾಯಿ ಬಿಡುವುದಿಲ್ಲ.

ನನ್ನದೂ ನೆನೆಯುತ್ತದೆ. ನೆನೆಯಲಿ ಬಿಡಿ.